ಗೋಕರ್ಣ–ಕುಮಟಾ ನಡಿಗೆ: ಬ್ಯಾಗ್ ಹಗುರ ಇರಲಿ

ಡಿಸೆಂಬರ್‌ನಲ್ಲಿ ಎಂಟು ಜನರ ಗುಂಪಿನ ಜೊತೆ ಗೋಕರ್ಣದಿಂದ ಕುಮಟಾಕ್ಕೆ ಕಡಲ ದಂಡೆಯಲ್ಲಿ ನಡೆಯಲು 60 ಲೀಟರ್ ಬ್ಯಾಗ್ ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಎರಡು ದಿನಕ್ಕೆ 30 ಲೀಟರ್ ಸಾಕು.

ಕುಡ್ಲೆ, ಓಂ ಬೀಚ್‌ವರೆಗೆ ದಾರಿ ಸಲೀಸು. ಓಂ ದಾಟಿ ಹಾಫ್ ಮೂನ್ ಕಡೆ ಹೋಗುವಾಗ ಗುಡ್ಡದ ಅಂಚಿನ ಕಾಲುದಾರಿ ಕಿರಿದು. ಕೆಂಪು ಕಲ್ಲಿನ ಪುಡಿ ಕಾಲಡಿ ಜಾರುತ್ತದೆ, ಬೆನ್ನಿನ ಭಾರ ಕಡಲ ಕಡೆಗೇ ಎಳೆದಂತಾಗುತ್ತದೆ. ಒಂದು ಕಡೆ ನಾನು ಕೂತುಕೊಂಡೇ ಇಳಿದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

ನೀರು ಮಾತ್ರ ಕಡಿಮೆ ಮಾಡಬೇಡಿ, ಒಬ್ಬರಿಗೆ 3 ಲೀಟರ್ ಇರಲಿ. ಡಿಸೆಂಬರ್ ಆದರೂ ನಮ್ಮ ಕರಾವಳಿ ಬಿಸಿಲು ಜಾಸ್ತಿನೇ ಅಲ್ವಾ.

ತದಡಿಯಲ್ಲಿ ಅಘನಾಶಿನಿ ಹೊಳೆಯನ್ನು ದೋಣಿಯಲ್ಲಿ ದಾಟಬೇಕು. ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಗೈಡ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.