ಡ್ರೋನ್ ದಾಳಿಯಲ್ಲಿ ಅಮಾಯಕರು ಸತ್ತರೆ ಅದು ಯುದ್ಧಾಪರಾಧ ಆಗುತ್ತದೆಯೇ?

ತಪ್ಪಾದ ಮಾತ್ರಕ್ಕೆ ಆಗುವುದಿಲ್ಲ. ಬೇಕೆಂದೇ ನಾಗರಿಕರನ್ನು ಗುರಿ ಮಾಡಿದ್ದರೆ ಆಗುತ್ತದೆ. ತೊಡಕು ಇರುವುದೇ ಇಲ್ಲಿ.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ನಡೆದದ್ದನ್ನೇ ನೋಡಿ. ಅಮೆರಿಕದ ಸೇನೆ ಒಂದು ಬಿಳಿ ಟೊಯೊಟಾ ಕಾರಿನ ಮೇಲೆ ಸುಮಾರು 8 ಗಂಟೆ ಕಣ್ಣಿಟ್ಟಿತ್ತು. ಒಳಗೆ ಸ್ಫೋಟಕ ಇದೆ ಎಂದುಕೊಂಡು ಡ್ರೋನ್‌ನಿಂದ ಕ್ಷಿಪಣಿ ಹಾರಿಸಿದರು. ಕಾರಿಗೆ ತುಂಬಿದ್ದದ್ದು ನೀರಿನ ಕ್ಯಾನ್‌ಗಳು. ಓಡಿಸುತ್ತಿದ್ದವರು ಅಮೆರಿಕದ್ದೇ ಒಂದು ನೆರವು ಸಂಸ್ಥೆಯ ನೌಕರ. 10 ಜನ ಸತ್ತರು, ಅವರಲ್ಲಿ 7 ಮಕ್ಕಳು! ಮೊದಲು ದಾಳಿಯನ್ನು ಸಮರ್ಥಿಸಿಕೊಂಡ ಸೇನೆ ಸೆಪ್ಟೆಂಬರ್ 17ರಂದು ತಪ್ಪು ಒಪ್ಪಿಕೊಂಡಿತು. ಕ್ಷಿಪಣಿ ಬಿಡುವ 2 ನಿಮಿಷ ಮೊದಲು ವಿಡಿಯೋದಲ್ಲಿ ಒಂದು ಮಗು ಕಾಣಿಸಿತ್ತು ಎಂದು ಸೇನೆಯದೇ ತನಿಖೆ ಹೇಳಿತು. ಆದರೂ ಕಾನೂನು ಮುರಿದಿಲ್ಲ ಎಂದು ತೀರ್ಮಾನವಾಯಿತು. ಯಾರಿಗೂ ಶಿಕ್ಷೆ ಆಗಲಿಲ್ಲ.

ಯುದ್ಧದ ಕಾನೂನು ಹೊಡೆಯುವ ಮೊದಲು ಸಾಧ್ಯವಾದ ಎಲ್ಲ ಎಚ್ಚರಿಕೆ ತೆಗೆದುಕೊಳ್ಳಿ ಎನ್ನುತ್ತದೆ. ಅನುಮಾನ ಇದ್ದರೆ ಆ ವ್ಯಕ್ತಿಯನ್ನು ನಾಗರಿಕ ಎಂದೇ ಭಾವಿಸಬೇಕು. ಆದರೆ ಎಚ್ಚರಿಕೆ ಸಾಕಾಗಿತ್ತೇ ಎಂದು ಅಳೆದವರು ಹೊಡೆದವರೇ ಅಲ್ವಾ? ನನ್ನ ಪ್ರಕಾರ ದೊಡ್ಡ ಅನ್ಯಾಯ ಅದೇ. ಡ್ರೋನ್ ಗುರಿ ತಪ್ಪಲಿಲ್ಲ, ಗುರಿಯನ್ನು ಆರಿಸಿದವರು ತಪ್ಪಿದರು.

ಪಾಕಿಸ್ತಾನ, ಯೆಮೆನ್‌ಗಳಲ್ಲಿ ನಡೆದ ದಾಳಿಗಳಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಅಮೆರಿಕ ಆ ದೇಶಗಳ ಮೇಲೆ ಯುದ್ಧವನ್ನೇ ಸಾರಿರಲಿಲ್ಲ. ಅಲ್ಲಿ ಕೊಲ್ಲುವ ಹಕ್ಕು ಎಲ್ಲಿಂದ ಬಂತು? ಆತ್ಮರಕ್ಷಣೆ ಎಂಬುದು ಅಮೆರಿಕದ ವಾದ. ಹಲವು ಕಾನೂನು ತಜ್ಞರು ಅದನ್ನು ಇಂದಿಗೂ ಒಪ್ಪುವುದಿಲ್ಲ.