ಕತ್ತಲಲ್ಲಿ ಬಾಗಿಲು ಕಾಯುತ್ತಿದ್ದ ಹುಡುಗ

ಪ್ರಶ್ನೆ: ಬ್ರಿಟನ್ನಿನ ಲೇಬರ್ ಪಕ್ಷ ಕಟ್ಟಿದ ಕೀರ್ ಹಾರ್ಡಿ ಹತ್ತನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದರಂತೆ. ಅಷ್ಟು ಚಿಕ್ಕ ಹುಡುಗನಿಗೆ ಅಲ್ಲೇನು ಕೆಲಸ? ಆಗ ಸಂಸದರಿಗೆ ಸಂಬಳವೇ ಇರಲಿಲ್ಲವಂತೆ. ಬಡವರು ಹೇಗೆ ನಿಭಾಯಿಸುತ್ತಿದ್ದರು?

ಉತ್ತರ: ಬಾಗಿಲು ಕಾಯುವ ಕೆಲಸ. ಗಾಳಿ ಗಣಿಯ ಒಂದು ಬಾವಿಯಲ್ಲಿ ಇಳಿದು, ಕಲ್ಲಿದ್ದಲು ಕಡಿಯುವ ಮೂಲೆಮೂಲೆಯನ್ನೂ ಸುತ್ತಿ, ಇನ್ನೊಂದರಲ್ಲಿ ಮೇಲೇರಬೇಕು. ಅದು ಅಡ್ಡದಾರಿ ಹಿಡಿಯದಂತೆ ಸುರಂಗಗಳಿಗೆ ಮರದ ಬಾಗಿಲು. ಬಂಡಿ ಬಂದಾಗ ಎಳೆದು ತೆರೆಯಬೇಕು, ದಾಟಿದ ಕೂಡಲೇ ಮುಚ್ಚಬೇಕು. ಹುಡುಗ ತೂಕಡಿಸಿ ಬಾಗಿಲು ತೆರೆದೇ ಉಳಿಯಿತೋ, ಗಾಳಿ ಹತ್ತಿರದ ದಾರಿಯಲ್ಲೇ ವಾಪಸು ಹೋಗುತ್ತದೆ, ಒಳಗಡೆ ಹೊತ್ತಿಕೊಳ್ಳುವ ಮಿಥೇನ್ ಅನಿಲ ಕೂಡಿಕೊಳ್ಳುತ್ತದೆ. ಅದು ಶೇ. 5ರಿಂದ 15ರಷ್ಟಾದರೆ ಒಂದು ಕಿಡಿ ಸಾಕು. ಅಷ್ಟು ಜನರ ಜೀವ ಒಂಟಿಯಾಗಿ ಕೂತ ಮಗುವಿನ ಕೈಯಲ್ಲಿ! ಇದು ಕಾನೂನುಬಾಹಿರವೂ ಅಲ್ಲ. 1842ರ ಕಾಯ್ದೆ ಹುಡುಗರ ಪೈಕಿ ತಡೆದದ್ದು ಹತ್ತು ತುಂಬದವರನ್ನಷ್ಟೇ.

ದೀಪದ ಹೊಗೆಯಿಂದ ಕಪ್ಪಾಗಿಸಿದ ಕಲ್ಲಿನ ಮೇಲೆ ಗುಂಡುಸೂಜಿಯಲ್ಲಿ ಗೀಚಿ ಹಾರ್ಡಿ ಶೀಘ್ರಲಿಪಿ ಕಲಿತರು. ಕಾರ್ಮಿಕರ ಸಂಘಟನೆಗೆ ಇಳಿದ ತಪ್ಪಿಗೆ ಮಾಲೀಕರು ಕಪ್ಪುಪಟ್ಟಿಗೆ ಸೇರಿಸಿ ಕೆಲಸ ತಪ್ಪಿಸಿದರು. ಮುಂದೆ ಕೈಹಿಡಿದದ್ದು ಪತ್ರಿಕಾ ಬರವಣಿಗೆ. 1886ರಲ್ಲಿ ಸ್ಕಾಟ್ಲೆಂಡಿನ ಏರ್‌ಷೈರ್ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು. 1888ರ ಮಿಡ್ ಲ್ಯಾನಾರ್ಕ್ ಉಪಚುನಾವಣೆಯಲ್ಲಿ ಸಿಕ್ಕಿದ್ದು ಬರೀ 617 ಮತ. 1892ರಲ್ಲಿ ಲಂಡನ್ ಬದಿಯ ವೆಸ್ಟ್ ಹ್ಯಾಮ್ ಸೌತ್‌ನಿಂದ ಗೆದ್ದು ಸಂಸದರಾದರು.

1894ರ ಜೂನ್ 23ರಂದು ವೇಲ್ಸಿನ ಆಲ್ಬಿಯನ್ ಗಣಿ ಸಿಡಿದು 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡುಮಗು ಹುಟ್ಟಿತ್ತು. ಸಂಸತ್ತಿನಲ್ಲಿ ಅಭಿನಂದನಾ ನಿರ್ಣಯ ಬಂತು. ಸತ್ತವರಿಗೂ ಸಂತಾಪ ಹೇಳಿ ಎಂದ ಹಾರ್ಡಿಯ ಮಾತು ಗದ್ದಲದಲ್ಲಿ ಮುಳುಗಿತು. ಅವರ ಬದುಕಿನಲ್ಲಿ ನಾವು ಮರೆಯಬಾರದ ಗಳಿಗೆ ಇದೇ. 1895ರಲ್ಲಿ ಸೋತರು. 1900ರಲ್ಲಿ ಅದೇ ವೇಲ್ಸಿನ ಗಣಿಸೀಮೆ ಮರ್ಥರ್ ಟಿಡ್ವಿಲ್ ಅವರನ್ನು ಮತ್ತೆ ಆರಿಸಿತು.

ಇನ್ನು ಹಣ. ಕಾರ್ಮಿಕ ಸಂಘಗಳ ವಂತಿಗೆಯೇ ಆಧಾರ. 1903ರಲ್ಲಿ ತೀರ್ಮಾನಿಸಿದ ನಿಧಿಗೆ ಪ್ರತಿ ಸದಸ್ಯನಿಂದ ವರ್ಷಕ್ಕೆ ಒಂದು ಪೆನ್ನಿ ಕೂಡಿಸಿ, ಪ್ರತಿ ಕಾರ್ಮಿಕ ಸಂಸದನಿಗೆ 200 ಪೌಂಡ್ ಕೊಡುತ್ತಿದ್ದರು. 1909ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಸಂಘಗಳು ರಾಜಕೀಯಕ್ಕೆ ಹಣ ಎತ್ತುವಂತಿಲ್ಲ ಎಂದು ತೀರ್ಪು ಕೊಟ್ಟು ಈ ವಂತಿಗೆಯ ಬುಡಕ್ಕೇ ಕೊಡಲಿ ಹಾಕಿತು. 1911ರಿಂದ ಸರ್ಕಾರವೇ ವರ್ಷಕ್ಕೆ 400 ಪೌಂಡ್ ಸಂಬಳ ಕೊಡತೊಡಗಿತು. 1913ರ ಕಾಯ್ದೆ ರಾಜಕೀಯ ನಿಧಿಗೆ ಮತ್ತೆ ಅವಕಾಶ ಕೊಟ್ಟಿತು, ಆದರೆ ಸದಸ್ಯರು ಮತ ಹಾಕಿ ಒಪ್ಪಬೇಕಿತ್ತು, ಆ ಹಣ ಬೇರೆಯೇ ಇರಬೇಕಿತ್ತು, ಬೇಡವೆಂದು ಬರೆದುಕೊಟ್ಟವರಿಂದ ವಸೂಲಿ ಮಾಡುವಂತಿರಲಿಲ್ಲ.