ಮದುವೆಗೆ ಯಾವ ರೀಲು, ಹಂಪಿಗೆ ಯಾವ ರೀಲು?

ಅಪ್ಪನ ಹಳೆಯ ಕ್ಯಾಮೆರಾ ರಿಪೇರಿ ಮಾಡಿಸಿದ್ದೀರಿ, ತಂಗಿಯ ಆರತಕ್ಷತೆಗೊಂದು, ಹಂಪಿಗೊಂದು ರೀಲು ಹೇಳಿ ಎಂದಿದ್ದೀರಿ. ಜೊತೆಗೆ ‘ಬಣ್ಣ ಎದ್ದು ಕಾಣಬೇಕು’ ಅಂತಲೂ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ 1998ರ ಪತ್ತನಾಜೆಯ, ಅಂದರೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನದ, ರಾತ್ರಿ ಕಣ್ಣ ಮುಂದೆ ಬಂತು.

ನನ್ನ ಸೋದರಮಾವ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವರು. ಆ ಸಲ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದರು. ಅವರ ಕೊನೆಯ ಮಹಿಷಾಸುರನ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಗಲ್ಫ್‌ನಿಂದ ಬಂದಿದ್ದ ಗೆಳೆಯ ಕೊಟ್ಟ ಫ್ಯೂಜಿ ವೆಲ್ವಿಯಾ 50 ಸ್ಲೈಡ್ ರೀಲು (ನೆಗೆಟಿವ್ ಅಲ್ಲ, ಫಿಲ್ಮಿನ ಮೇಲೇ ನೇರ ಚಿತ್ರ ಮೂಡುವಂಥದ್ದು) ನನ್ನ ಹತ್ತಿರ ಇತ್ತು. ಕೆಂಪು, ಹಸಿರು ಎರಡನ್ನೂ ಗಾಢವಾಗಿ ಹಿಡಿಯುವ ರೀಲು. ಯಕ್ಷಗಾನ ಅಂದರೆ ಬಣ್ಣ, ಬಣ್ಣ ಅಂದರೆ ವೆಲ್ವಿಯಾ: ಇಷ್ಟೇ ನಾನು ಯೋಚಿಸಿದ್ದು. ಚೀಲದಲ್ಲಿದ್ದ 400ರ ಕಪ್ಪು-ಬಿಳುಪು ರೀಲನ್ನು ಮುಟ್ಟಲೇ ಇಲ್ಲ. ರೀಲಿನ ಈ ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು.

ರಂಗಸ್ಥಳದಲ್ಲಿ ಹ್ಯಾಲೊಜನ್ ದೀಪ. 400ರ ರೀಲಾಗಿದ್ದರೆ ಲೆನ್ಸನ್ನು ಎಫ್ 1.8ರಷ್ಟು ಅಗಲ ತೆರೆದು 1/60 ಸೆಕೆಂಡು ಸಾಕಿತ್ತು. 50ರ ರೀಲಿಗೆ ಎಂಟು ಪಟ್ಟು ಹೊತ್ತು ಬೇಕು, ಅಂದರೆ 1/8 ಸೆಕೆಂಡು. ಅಷ್ಟರಲ್ಲಿ ಕುಣಿಯುವವರ ಕಿರೀಟ ಒಂದು ಗೇಣು ಸರಿದಿರುತ್ತದೆ. ಫ್ಲ್ಯಾಷ್ ಬಳಸುವ ಹಾಗಿರಲಿಲ್ಲ. “ಫ್ಲ್ಯಾಷ್ ಹೊಡಿಬೇಡ ಮಾರಾಯ, ಕುಣಿಯುವಾಗ ಕಣ್ಣಿಗೆ ಕತ್ತಲೆ ಬರ್ತದೆ” ಅಂದಿದ್ದರು ಮಾವ. ಇನ್ನೊಂದು, ವೆಲ್ವಿಯಾ ಹಗಲಿನ ಬೆಳಕಿಗೆ, ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 5500 ಕೆಲ್ವಿನ್‌ಗೆ ಹೊಂದಿಸಿದ ರೀಲು. ಹ್ಯಾಲೊಜನ್ 3200ರ ಆಸುಪಾಸು, ಎಲ್ಲ ಕಿತ್ತಳೆಗೆ ತಿರುಗುತ್ತದೆ. ನೀಲಿ 80ಎ ಫಿಲ್ಟರ್ ಹಾಕಿದರೆ ಬಣ್ಣವೇನೋ ಸರಿಹೋಗುತ್ತಿತ್ತು, ಆದರೆ ಅದು ಮತ್ತೆರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಇಲ್ಲವೇ ಎರಡು ಪಟ್ಟಾಗುವುದು), 1/8 ಹೋಗಿ 1/2 ಸೆಕೆಂಡು ಆಗುತ್ತದೆ. ಸಾಲದ್ದಕ್ಕೆ ಸ್ಲೈಡು. ಅರ್ಧ ಸ್ಟಾಪ್ ತಪ್ಪಿದರೂ ಅದು ಕ್ಷಮಿಸುವುದಿಲ್ಲ. ಮಹಿಷಾಸುರ ಸಭೆಯ ನಡುವಿನಿಂದ ಬರುವಾಗ ದೊಂದಿಗೆ ರಾಳದ ಪುಡಿ ಎರಚಿದರು. ಮೀಟರು ಆ ಬೆಂಕಿಯನ್ನು ನೋಡಿ ಬೆಳಕು ಬೇಕಾದಷ್ಟಿದೆ ಎಂದಿತು, ನಾನು ನಂಬಿದೆ, ಮಾವನ ಮುಖ ಕಪ್ಪಾಯಿತು.

ಬೆಂಗಳೂರಿಗೆ ಕಳಿಸಿ ತೊಳೆಸಿದ ಸ್ಲೈಡುಗಳು ಬಂದ ದಿನ ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟ ಚಿಟ್ಟಿ ಅಲ್ಲಿ ಬರೀ ಕಿತ್ತಳೆ ಗೀರು.

ಮೂವತ್ತಾರರಲ್ಲಿ ಎರಡು ಮಾತ್ರ ಉಳಿದವು. ಅವತ್ತು ಬೆಳಗಾಗುವವರೆಗೂ ಮಾವ ಬಣ್ಣ ತೆಗೆದಿರಲಿಲ್ಲ. ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಹೊರಗೆ ಕೂತು ಚಿಟ್ಟಿ ಕೀಳುತ್ತಿದ್ದಾಗ ತೆಗೆದ ಫೋಟೊಗಳು ಅವು. ಅದೇ ರೀಲು, ಅದೇ ಮುಖ. ಕೆನ್ನೆಯ ಕೆಂಪು ಹಸಿಹಸಿಯಾಗಿದೆ, ಕಿವಿಯ ಹತ್ತಿರ ಅಂಟಿಕೊಂಡ ಸುಣ್ಣದ ಚೂರುಗಳನ್ನು ಎಣಿಸಬಹುದು. ರಾತ್ರಿಗೂ ಬೆಳಗಿಗೂ ಬದಲಾಗಿದ್ದು ಬೆಳಕು ಒಂದೇ.

ಅದಕ್ಕೇ ಮದುವೆಗೆ ಯಾವುದು, ದೇವಸ್ಥಾನಕ್ಕೆ ಯಾವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರೀಲು ಕೊಳ್ಳುವ ಮೊದಲು, ಆರತಕ್ಷತೆ ನಡೆಯುವ ಹೊತ್ತಿಗೇ ಒಮ್ಮೆ ಆ ಛತ್ರಕ್ಕೆ ಹೋಗಿ, ದೀಪ ಹಾಕಿಸಿ, ಮೀಟರು ನೋಡಿ ಬನ್ನಿ. ನನ್ನ ಕೇಳಿದರೆ ಅಲ್ಲಿಗೆ ಕಪ್ಪು-ಬಿಳುಪಿನ ಇಲ್ಫರ್ಡ್ ಎಚ್‌ಪಿ5 ಅಥವಾ ಕೊಡಾಕ್ ಟ್ರೈ-ಎಕ್ಸ್ 400. 400ರ ರೀಲಾದರೂ ಕ್ಯಾಮೆರಾದ ಅಂಕಿಯನ್ನು 1600ಕ್ಕೆ ಇಟ್ಟು ಇಡೀ ರೀಲು ತೆಗೆಯಿರಿ, ಲ್ಯಾಬಿಗೆ ಕೊಡುವಾಗ ‘ಎರಡು ಸ್ಟಾಪ್ ಪುಶ್’ (ಅಂದರೆ ಹೆಚ್ಚು ಹೊತ್ತು ತೊಳೆಯಿರಿ) ಅಂತ ರೀಲಿನ ಮೇಲೇ ಬರೆದುಕೊಡಿ. ಬಣ್ಣದ ಎಲ್‌ಇಡಿಗಳ ಕಾಟ ಕಪ್ಪು-ಬಿಳುಪಿಗೆ ಇಲ್ಲ. ಮನೆಯವರು ಬಣ್ಣವೇ ಬೇಕೆಂದು ಹಠ ಹಿಡಿದರೆ ಕೊಡಾಕ್ ಕಂಪನಿಯದೇ ಬಣ್ಣದ ನೆಗೆಟಿವ್ ರೀಲು ಪೋರ್ಟ್ರಾ 800 ಹಾಕಿ. ಸ್ಲೈಡು ಮಾತ್ರ ಖಂಡಿತ ಬೇಡ.

ಹಂಪಿಯಲ್ಲಿ ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ಏಳುವವರಾದರೆ ಕೊಡಾಕ್ ಕಂಪನಿಯ ಇನ್ನೊಂದು ಬಣ್ಣದ ನೆಗೆಟಿವ್, ಎಕ್ಟಾರ್ 100 ಒಯ್ಯಿರಿ, ಬಂಡೆಗಳಿಗೆ ಚೆನ್ನ. ಮುಖಗಳನ್ನು ಮಾತ್ರ ಅದು ಕೆಂಪಾಗಿಸುತ್ತದೆ. ಹನ್ನೊಂದು ಗಂಟೆಯ ಬಿಸಿಲಿಗೆ ಪೋರ್ಟ್ರಾ 400. ವಿಠ್ಠಲ ದೇವಾಲಯದ ಕಂಬಗಳ ನಡುವೆ ಜನರ ಫೋಟೊ ತೆಗೆಯುವಾಗ ಮೀಟರನ್ನು ನೆರಳಿಗೇ ಹಿಡಿಯಿರಿ. ಹೊರಗಿನ ಬಿಸಿಲು ಎರಡು ಸ್ಟಾಪ್ ಹೆಚ್ಚಾದರೂ ಆ ನೆಗೆಟಿವ್ ತಡೆದುಕೊಳ್ಳುತ್ತದೆ.